ತಾತನ ಸೈಕಲ್‌ಗೆ ಮೋಟಾರ್ ಕೂರಿಸುವುದು: ಬ್ರೇಕ್‌ನಿಂದ ಶುರುಮಾಡಿ

ತಿಪಟೂರಿನ ಹತ್ತಿರ ನಮ್ಮ ತೋಟದ ಪಂಪ್‌ಹೌಸ್ ಗೋಡೆಗೆ ಒರಗಿಕೊಂಡು ತಾತನ ಸೈಕಲ್ಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ನಿಂತಿತ್ತು. 24 ಇಂಚಿನ ಕಪ್ಪು ಫ್ರೇಮು, ರಾಡ್ ಬ್ರೇಕು, ತೆಂಗಿನಕಾಯಿ ಮೂಟೆ ಹೊತ್ತು ಹೊತ್ತು ಒಂದು ಕಡೆಗೆ ವಾಲಿದ ಕ್ಯಾರಿಯರು. ನೂರು ವರ್ಷ ಹಿಂದಿನ ಮೋಟಾರ್‌ಸೈಕಲ್‌ಗಳ ಫೋಟೋ ನೋಡುವ ಚಟ ನನಗಿದೆ. ಒಂದು ದಿನ ಈ ಸೈಕಲ್ಲಿನ ಮೇಲಿನ ಬಾರ್ ನೋಡಿದಾಗ ಹೊಳೆಯಿತು: ಇದಕ್ಕೂ ಅದಕ್ಕೂ ಬರೀ ಒಂದು ಟ್ಯಾಂಕಿನಷ್ಟೇ ವ್ಯತ್ಯಾಸ.

ಅದೇ ಹುರುಪಿನಲ್ಲಿ ಆನ್‌ಲೈನ್‌ನಲ್ಲಿ ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಕಿಟ್ ತರಿಸಿದೆ. ಡಬ್ಬದ ಮೇಲೆ 80 ಸಿಸಿ ಅಂತ ಇತ್ತು. ಸಿಲಿಂಡರಿನ ಒಳವ್ಯಾಸ (ಬೋರು) 47 ಮಿ.ಮೀ., ಪಿಸ್ಟನ್ ಓಡುವ ದೂರ (ಸ್ಟ್ರೋಕು) 38 ಮಿ.ಮೀ., ಲೆಕ್ಕ ಹಾಕಿದರೆ 66 ಸಿಸಿ. ಇರಲಿ. ಮೂರು ಭಾನುವಾರ ಕೂತು ಜೋಡಿಸಿದೆ, ತೋಟದ ದಾರಿಯಲ್ಲಿ ಬಿಟ್ಟೆ. ಗಾಡಿ ಓಡಿತು. ಎರಡನೇ ಸುತ್ತಿನಲ್ಲಿ ಅದುರಾಟಕ್ಕೆ ಚೈನ್ ಬಿಗಿಯಾಗಿ ಹಿಡಿಯುವ ಟೆನ್ಷನರ್ ಸಡಿಲವಾಗಿ ತಿರುಗಿ ಹಿಂಚಕ್ರದ ಒಳಗೆ ನುಗ್ಗಿತು, ಏಳು ಕಡ್ಡಿ ಪಟಪಟ ಕಿತ್ತುಬಂದವು. ರಾಡ್ ಬ್ರೇಕ್ ಎರಡನ್ನೂ ಒಟ್ಟಿಗೆ ಹಿಡಿದರೂ ಗಾಡಿ ನಿಂತದ್ದು ಬೇಲಿಯಲ್ಲಿ. ಎಂಜಿನ್ ಕೆಟ್ಟದ್ದಲ್ಲ, ನನ್ನ ಕ್ರಮ ಕೆಟ್ಟದ್ದು. ಮೊದಲು ಮೋಟಾರ್ ಕೊಂಡು ಆಮೇಲೆ ಬ್ರೇಕಿನ ಯೋಚನೆ ಮಾಡಿದ್ದೆ. ಎರಡನೇ ಸಲ ಉಲ್ಟಾ ಮಾಡಿದೆ: ಬ್ರೇಕು, ಚಕ್ರ, ಮೋಟಾರು, ಟ್ಯಾಂಕು, ವೈರು, ಕೊನೆಗೆ ಬಣ್ಣ. ಕೆಳಗೆ ಬರೆದಿರುವುದೂ ಅದೇ ಕ್ರಮದಲ್ಲಿ.

ಪೆಟ್ರೋಲೋ ಕರೆಂಟೋ

ಇದನ್ನು ತೀರ್ಮಾನ ಮಾಡುವುದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಿಂದ ಹೊರಗುಳಿಯುವುದು ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಎಂಜಿನ್ ಇರುವ ಗಾಡಿ. ಮಾರುಕಟ್ಟೆಯಲ್ಲಿ ಸಿಗುವ 49, 66 ಸಿಸಿ ಕಿಟ್‌ಗಳೆಲ್ಲ ಅದನ್ನು ದಾಟುತ್ತವೆ. ಅಂದರೆ ನೋಂದಣಿ, ನಂಬರ್ ಪ್ಲೇಟು, ವಿಮೆ ಎಲ್ಲ ಬೇಕು, ಮನೆಯಲ್ಲಿ ಜೋಡಿಸಿದ ಗಾಡಿಗೆ ಅವು ಸಿಗುವುದಿಲ್ಲ. ಪೆಟ್ರೋಲ್ ಕಿಟ್ಟೇ ಬೇಕು ಅನ್ನುವವರು ಸ್ವಂತ ತೋಟದ ಬೇಲಿಯೊಳಗೆ ಓಡಿಸಿಕೊಳ್ಳಿ.

ಬ್ಯಾಟರಿ ಗಾಡಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವಿನಾಯಿತಿ ಇದೆ. ಮೋಟಾರಿನ 30 ನಿಮಿಷದ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತ ಕಡಿಮೆ ಇರಬೇಕು. ಪೆಡಲ್ ತುಳಿದಾಗ ನೆರವಾಗುವ ಸೈಕಲ್ಲಾದರೆ ಗಂಟೆಗೆ 25 ಕಿ.ಮೀ. ಮುಟ್ಟುವಷ್ಟರಲ್ಲಿ ಮೋಟಾರಿನ ಬಲ ಇಳಿಯುತ್ತಾ ಬಂದು ನಿಲ್ಲಬೇಕು, ಸರಿಯಾದ ಬ್ರೇಕು ಇರಬೇಕು, ಮುಂದೆ ಒಂದು ಬಿಳಿ, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಬೇಕು. ಆದರೆ ಒಂದು ಗಂಟು ಇದೆ. ಇದನ್ನೆಲ್ಲ ಪರೀಕ್ಷಾ ಸಂಸ್ಥೆಯೊಂದು ನೋಡಿ ಒಪ್ಪಿರಬೇಕು ಅನ್ನುತ್ತದೆ ನಿಯಮ. ಮನೆಯಲ್ಲಿ ಕಟ್ಟಿದ್ದಕ್ಕೆ ಆ ಚೀಟಿ ಇರುವುದಿಲ್ಲ. ರಸ್ತೆಗೆ ಇಳಿಸುವ ಮುಂಚೆ ನಿಮ್ಮ ಊರಿನ ಆರ್‌ಟಿಒದಲ್ಲಿ ಒಂದು ಮಾತು ಕೇಳಿ. ಜೋರಾದ ಮೋಟಾರ್ ಹಾಕಿ ಮೇಲೆ 250 ಅಂತ ಸ್ಟಿಕ್ಕರ್ ಅಂಟಿಸುವ ಬುದ್ಧಿವಂತಿಕೆಯಂತೂ ಬೇಡ. ಯಾರಿಗಾದರೂ ಗುದ್ದಿದ ದಿನ ಸ್ಟಿಕ್ಕರ್ ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ.

ನಾನು ಚಕ್ರದ ನಡುವೆಯೇ ಕೂರುವ 36 ವೋಲ್ಟಿನ ಹಬ್ ಮೋಟಾರಿಗೆ ಬಂದೆ. ಇನ್ನು ಮುಂದಿನದೆಲ್ಲ ಅದರ ಲೆಕ್ಕವೇ.

ಫ್ರೇಮ್ ನೋಡುವುದು

ಹಳೆ ರೋಡ್‌ಸ್ಟರ್ ಫ್ರೇಮಿನ ದೊಡ್ಡ ಆಸ್ತಿ ನೆಲಕ್ಕೆ ಸಮನಾಗಿ ಹೋಗುವ ಮೇಲಿನ ಬಾರು, ಅದರ ಕೆಳಗಿನ ದೊಡ್ಡ ತ್ರಿಕೋನ. ಈಗಿನ ಸೈಕಲ್‌ಗಳಲ್ಲಿ ಬಾರು ಇಳಿಜಾರು, ಟ್ಯಾಂಕಿಗೆ ಜಾಗವೇ ಇರುವುದಿಲ್ಲ. 22 ಇಂಚಿನದೂ ನಡೆಯುತ್ತದೆ, 24 ಆದರೆ ಇನ್ನೂ ಚೆಂದ, ಕಾಲು ನೆಲಕ್ಕೆ ಎಟುಕಿದರೆ.

ಗುಜರಿಯಲ್ಲಿ ಕೊಳ್ಳುವವರು ಹ್ಯಾಂಡಲ್ ಕೊಳವೆಯ ಕೆಳಭಾಗದ ಜೋಡಣೆಯನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯ ಗೆರೆ ಕಂಡರೆ ಬಿಟ್ಟುಬಿಡಿ. ಪೆಡಲ್ ಅಚ್ಚು ಕೂರುವ ಜಾಗದಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ತಿಂದಿರುತ್ತದೆ; ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟಿ ಕೇಳಿ. ಗಟ್ಟಿ ಕಬ್ಬಿಣ ಕಣಕಣ ಅನ್ನುತ್ತದೆ, ತುಕ್ಕು ತಿಂದದ್ದು ಮಡಕೆ ಬಿರುಕು ಬಿಟ್ಟ ಹಾಗೆ ಬೊದ್ದು ಸದ್ದು ಮಾಡುತ್ತದೆ. ಮೇಲಿನ ಬಣ್ಣ ಹೋಗಿದ್ದರೆ ಚಿಂತೆಯಿಲ್ಲ.

ಮೊದಲು ನಿಲ್ಲಿಸುವುದು

ನಾವು ನಕಲು ಮಾಡಲು ಹೊರಟಿರುವ ಚೆಲುವೆಲ್ಲ ಅಮೆರಿಕದ ಬೋರ್ಡ್ ಟ್ರ್ಯಾಕ್ ರೇಸಿನ ಬೈಕುಗಳದ್ದು. 1910ರ ದಶಕದಲ್ಲಿ ಮರದ ಹಲಗೆ ಹಾಸಿ ಬಾಣಲೆಯ ಅಂಚಿನಂತೆ ಎತ್ತಿ ಕಟ್ಟಿದ ಟ್ರ್ಯಾಕುಗಳಲ್ಲಿ ಅವು ಓಡುತ್ತಿದ್ದವು. ತಗ್ಗಿದ ಹ್ಯಾಂಡಲ್ಲು, ಬಾರಿಗೆ ನೇತುಬಿದ್ದ ಉದ್ದನೆ ಟ್ಯಾಂಕು, 28 ಇಂಚಿನ ಚಕ್ರ, ಮತ್ತು ಬ್ರೇಕೇ ಇಲ್ಲ. 1912ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ನೆವಾರ್ಕ್ ಟ್ರ್ಯಾಕಿನಲ್ಲಿ ಎಡ್ಡಿ ಹಾಶಾ ಅನ್ನುವ ಸವಾರನ ಬೈಕು ಅಂಚಿನ ಕಟಕಟೆಗೆ ನುಗ್ಗಿ, ಅವನ ಜೊತೆ ಇನ್ನೊಬ್ಬ ಸವಾರನೂ ನೋಡಲು ಬಂದವರೂ ಸತ್ತರು. ರೂಪ ಅವರದ್ದಿರಲಿ, ಬ್ರೇಕು ನಮ್ಮದಿರಲಿ.

ರಾಡ್ ಬ್ರೇಕ್ ತೆಗೆದುಹಾಕಿ. ಕಬ್ಬಿಣದ ರಿಮ್ಮಿನ ಒಳಮೈಗೆ ರಬ್ಬರ್ ಒತ್ತುವ ಆ ವ್ಯವಸ್ಥೆ ಮಳೆಯಲ್ಲಿ ಪ್ರಾರ್ಥನೆಯಷ್ಟೇ ಕೆಲಸ ಮಾಡುತ್ತದೆ. ಮುಂದಕ್ಕೆ ಡಿಸ್ಕ್ ಬ್ರೇಕ್ ಕೂರಿಸುವ ಕಿವಿ ಇರುವ, ಸಸ್ಪೆನ್ಷನ್ ಇಲ್ಲದ ಕಬ್ಬಿಣದ ಫೋರ್ಕು, 160 ಮಿ.ಮೀ. ಡಿಸ್ಕು, ಅದನ್ನು ಹಿಡಿಯುವ ಕೇಬಲ್ ಕ್ಯಾಲಿಪರು. ಫೋರ್ಕ್ ಕೊಳ್ಳಲು ಹೋಗುವಾಗ ಹಳೆ ಫೋರ್ಕನ್ನು ಕೈಯಲ್ಲಿ ಹಿಡಿದೇ ಹೋಗಿ. ಮೇಲಿನ ಕೊಳವೆಯ ದಪ್ಪ, ಉದ್ದ, ಮರೆ (ಸ್ಕ್ರೂ ಥ್ರೆಡ್ಡು) ಮೂರೂ ಹೊಂದಬೇಕು. ಫೋನಿನಲ್ಲಿ ಅಳತೆ ಹೇಳಿ ತರಿಸಿದ್ದು ನನಗೆ ಎರಡು ಸಲ ವಾಪಸ್ ಹೋಯಿತು.

ಹಿಂದಕ್ಕೆ ಸೀಟಿನ ಕೆಳಗೆ ಬರುವ ಎರಡು ಕಡ್ಡಿಕೊಳವೆಗಳ ಮೇಲೆ, ರಿಮ್ಮನ್ನು ಎರಡು ಪಕ್ಕದಿಂದ ಹಿಡಿಯುವ ವಿ-ಬ್ರೇಕಿನ ಗೂಟ ಕೂರಿಸಬೇಕು. ಇಲ್ಲಿ ಒಂದು ಎಚ್ಚರ. ಈ ಫ್ರೇಮುಗಳನ್ನು ಕಾರ್ಖಾನೆಯಲ್ಲಿ ಜೋಡಿಸಿರುವುದೇ ಹಿತ್ತಾಳೆ ಬೆಸುಗೆಯಿಂದ. ಗೇಟು ಕಿಟಕಿ ಮಾಡುವ ಅಂಗಡಿಯಲ್ಲಿ ಆರ್ಕ್ ವೆಲ್ಡಿಂಗ್ ಹಾಕಿಸಿದರೆ ತೆಳ್ಳನೆ ಕೊಳವೆ ತೂತು ಬೀಳುತ್ತದೆ, ಇಲ್ಲವೇ ಬೆಸುಗೆಯ ಪಕ್ಕದಲ್ಲೇ ಆರು ತಿಂಗಳಿಗೆ ಮುರಿಯುತ್ತದೆ. ಗ್ಯಾಸ್ ಹಚ್ಚಿ ಹಿತ್ತಾಳೆ ಕಡ್ಡಿಯಲ್ಲಿ ಬೆಸೆಯುವವರನ್ನು ಹುಡುಕಿ. ಹೊಸ ಚಕ್ರವನ್ನು ಜೊತೆಗೆ ಒಯ್ದು, ರಬ್ಬರು ರಿಮ್ಮಿಗೆ ಎಲ್ಲಿ ಮುಟ್ಟಬೇಕು ಅಂತ ಗುರುತು ಹಾಕಿಸಿಯೇ ಬೆಸುಗೆ ಹಾಕಿಸಿ.

ಬ್ರೇಕ್ ಕೂತ ಮೇಲೆ ಮೋಟಾರಿಲ್ಲದೆ ಒಂದು ಪರೀಕ್ಷೆ. ಮೋಟಾರು, ಬ್ಯಾಟರಿ, ಟ್ಯಾಂಕು ಸೇರಿ ಎಂಟು ಕೆಜಿ ಸುಮಾರು ಬರುತ್ತದೆ. ಕ್ಯಾರಿಯರಿಗೆ ಹತ್ತು ಕೆಜಿ ಅಕ್ಕಿ ಚೀಲ ಬಿಗಿದು ಊರ ಇಳಿಜಾರಿನಲ್ಲಿ ಬಿಡಿ. ಯಾವುದಾದರೂ ಒಂದೇ ಬ್ರೇಕಿನಲ್ಲಿ ಗಾಡಿ ಹತೋಟಿಗೆ ಬಂದು ನಿಂತರೆ ಮುಂದಿನ ಹೆಜ್ಜೆ. ಇಲ್ಲದಿದ್ದರೆ ಮೋಟಾರಿನ ಡಬ್ಬ ಒಡೆಯಬೇಡಿ.

ಚಕ್ರ ಮತ್ತು ಮೋಟಾರು

ಹಳೆ ರಿಮ್ಮಿನಲ್ಲಿ ಮುಂದೆ 32, ಹಿಂದೆ 40 ತೂತು. ಹಬ್ ಮೋಟಾರಿಗೆ ಸಾಮಾನ್ಯವಾಗಿ 36. ಹಾಗಾಗಿ ಹಳೆಯದನ್ನು ಉಳಿಸಿಕೊಳ್ಳುವ ಆಸೆ ಬಿಡಿ. ತುಂಬಾ ಜನ ದಪ್ಪ ಟೈರಿನ ಮೋಹಕ್ಕೆ 26 ಇಂಚಿನ ಚಕ್ರ ಹಾಕುತ್ತಾರೆ. ಆಗ ಗಾಡಿ ಕುಳ್ಳಾಗಿ, ತಿರುವಿನಲ್ಲಿ ಪೆಡಲ್ ನೆಲಕ್ಕೆ ಉಜ್ಜುತ್ತದೆ. ನನ್ನ ಮಾತು ಕೇಳುವುದಾದರೆ ಹೈಬ್ರಿಡ್ ಸೈಕಲ್‌ಗೆ ಬರುವ 700ಸಿ ಅಳತೆಯ, ಎರಡು ಪದರದ ಅಲಾಯ್ ರಿಮ್ಮು. ಹಳೆಯ 28 ಇಂಚಿನ ರಿಮ್ಮಿನ ವ್ಯಾಸ 635 ಮಿ.ಮೀ., ಇದರದ್ದು 622. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. 38ರ ಅಗಲದ ಕೆನೆ ಬಣ್ಣದ ಟೈರ್ ಹಾಕಿದರೆ ಅರ್ಧ ವಿಂಟೇಜ್ ಅಲ್ಲೇ ಆಯಿತು.

ಮೊದಲ ಸಲಕ್ಕೆ ಕಡ್ಡಿ ಕಟ್ಟಿ, ಔಟ್ (ವಾಲಾಟ) ತೆಗೆದ ಸಿದ್ಧ ಚಕ್ರವನ್ನೇ ತರಿಸಿ. ಕೊಳ್ಳುವಾಗ ವ್ಯಾಟ್ ಒಂದನ್ನೇ ಕೇಳಬೇಡಿ, ಸುತ್ತು ಎಷ್ಟು ಅಂತಲೂ ಕೇಳಿ. ಟೈರ್ ಸೇರಿ ಚಕ್ರದ ವ್ಯಾಸ 698 ಮಿ.ಮೀ., ಒಂದು ಸುತ್ತಿಗೆ 2.19 ಮೀಟರ್. ಗಂಟೆಗೆ 25 ಕಿ.ಮೀ. ಅಂದರೆ ನಿಮಿಷಕ್ಕೆ 190 ಸುತ್ತು. ಆದ್ದರಿಂದ 200 ಸುತ್ತಿನ ಆಸುಪಾಸಿನ ಮೋಟಾರು ಬೇಕು. 20 ಇಂಚಿನ ಮಡಚುವ ಸೈಕಲ್ಲಿಗೆಂದು ಮಾಡಿದ, 300 ದಾಟಿದ ಸುತ್ತಿನದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಏರಿನಲ್ಲಿ ಏದುಸಿರು ಬಿಡುತ್ತದೆ, ಬಿಸಿಯಾಗುತ್ತದೆ.

ಈಗ ಹಿಂದಿನ ಫೋರ್ಕು. ಮೋಟಾರಿಗೆ ಬೇಕಾದ ಅಗಲ 135 ಮಿ.ಮೀ. ನನ್ನ ಫ್ರೇಮಿನಲ್ಲಿ ಇದ್ದದ್ದು 115. ಕಬ್ಬಿಣವಾದ್ದರಿಂದ ಅಗಲಿಸಬಹುದು, ಅಲ್ಯುಮಿನಿಯಂ ಫ್ರೇಮಿಗೆ ಈ ಕೆಲಸ ಮಾಡಲೇಬಾರದು. 10 ಮಿ.ಮೀ. ಮರೆ ಕಡ್ಡಿ, ನಾಲ್ಕು ನಟ್ಟು, ವಾಷರ್ ತಂದು ಎರಡು ತುದಿಗಳ ನಡುವೆ ಕೂರಿಸಿ, ಒಳಗಿನ ನಟ್ಟುಗಳನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಹೊರಕ್ಕೆ ತಳ್ಳಿ. ಬಿಟ್ಟರೆ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಅಗಲಿಸಬೇಕು. ಒಂದೇ ಸಲ ಬೇಡ. ಅಗಲಿಸಿ, ಬಿಟ್ಟು, ಅಳೆದು, ಮತ್ತೆ. ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಎರಡೂ ಕಡೆ ಸಮ ಆಯಿತೋ ಅಂತ ನೋಡಲು ಬೇಕಾದದ್ದು ಒಂದು ದಾರ. ಹಿಂದಿನ ಒಂದು ತುದಿಯಿಂದ ಹೊರಟು ಹ್ಯಾಂಡಲ್ ಕೊಳವೆಯನ್ನು ಸುತ್ತಿ ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿ. ಸೀಟ್ ಕೊಳವೆಯಿಂದ ದಾರಕ್ಕೆ ಎಡಗಡೆ ಎಷ್ಟಿದೆಯೋ ಬಲಗಡೆಯೂ ಅಷ್ಟೇ ಇರಬೇಕು. ಒಂದೆರಡು ಮಿ.ಮೀ. ಹೆಚ್ಚುಕಡಿಮೆಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೋಟಾರಿನ ಆಕ್ಸಲ್ಲಿಗೆ ಎರಡು ಕಡೆ ಚಪ್ಪಟೆ ತಾಸಿರುತ್ತಾರೆ, ಅಲ್ಲಿ ದಪ್ಪ 10 ಮಿ.ಮೀ. ಹಳೆ ಆಕ್ಸಲ್ಲು 9.5. ಅಂದರೆ ಆಕ್ಸಲ್ಲು ಕೂರುವ ಫೋರ್ಕಿನ ಸೀಳನ್ನು ಅರದಿಂದ ಅರ್ಧ ಮಿ.ಮೀ. ಉಜ್ಜಬೇಕು. ಗ್ರೈಂಡರ್ ಹಿಡಿಯಬೇಡಿ, ಕೈ ಅರವೇ ಸಾಕು. ಈ ಚಪ್ಪಟೆ ಭಾಗ ಬಿಗಿಯಾಗಿ ಕೂರುವುದು ಬಹಳ ಮುಖ್ಯ. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ಲು ಹಿಂದಕ್ಕೆ ತಿರುಗಲು ನೋಡುತ್ತದೆ. ತಿರುಗಿದರೆ ಒಳಗಿನ ವೈರೆಲ್ಲ ಹುರಿಹಗ್ಗದಂತೆ ಹೊಸೆದು ಹರಿಯುತ್ತದೆ. ಅದನ್ನು ಹಿಡಿದಿಡಲು ಟಾರ್ಕ್ ಆರ್ಮ್ ಅನ್ನುವ ಕಬ್ಬಿಣದ ಪಟ್ಟಿ ಬರುತ್ತದೆ, ಕಿಟ್ಟಿನಲ್ಲಿ ಇಲ್ಲದಿದ್ದರೆ ಬೇರೆ ತರಿಸಿ. ವೈರು ಹೊರಬರುವ ಬಾಯಿ ಕೆಳಮುಖವಾಗಿರಲಿ, ಮಳೆನೀರು ಇಳಿದುಹೋಗುತ್ತದೆ.

ಚೈನಿಗೆ ತೊಂದರೆಯಿಲ್ಲ. ನಮ್ಮ ಮಾಮೂಲಿ 18 ಹಲ್ಲಿನ ಫ್ರೀವೀಲ್ ಮೋಟಾರಿನ ಮರೆಗೆ ಸೀದಾ ಕೂತಿತು. ತೊಡಕಾದದ್ದು ಪೆಡಲ್ ತುಳಿಯುವುದನ್ನು ಗುರುತಿಸಿ ಮೋಟಾರಿಗೆ ತಿಳಿಸುವ ಪೆಡಲ್ ಸೆನ್ಸರು. ಹಳೆ ಸೈಕಲ್ಲಿನ, ಪಿನ್ನು ಬಡಿದು ಕೂರಿಸುವ (ಕಾಟರ್ ಪಿನ್) ಕ್ರ್ಯಾಂಕಿನ ಅಚ್ಚು ದುಂಡಗಿರುತ್ತದೆ, ಕಿಟ್ಟಿನ ಆಯಸ್ಕಾಂತದ ಬಿಲ್ಲೆ ಚೌಕ ಅಚ್ಚಿಗೆ ಮಾಡಿದ್ದು. ಎರಡು ಹೋಳಾಗಿ ಬಂದು ಕೂಡಿಕೊಳ್ಳುವ ಬಿಲ್ಲೆ ಸಿಗುತ್ತದೆ, ಅದನ್ನೇ ಕೇಳಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿ. ಕನೆಕ್ಟರು, ಫ್ಯೂಸು, ವೈರಿಗೂ ಅಲ್ಲೇ.

ಟ್ಯಾಂಕು

ನಿಜವಾದ ಖುಷಿಯ ಕೆಲಸ ಇಲ್ಲಿದೆ. ಇದಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ, ನೀವೂ ಕೊಡಿ.

ಫ್ರೇಮಿನ ಹಿಂದೆ ರಟ್ಟು ಹಿಡಿದು ತ್ರಿಕೋನದ ಒಳಗೆರೆ ಎಳೆಯಿರಿ. ಹತ್ತು ಮಿ.ಮೀ. ಒಳಕ್ಕೆ ಇನ್ನೊಂದು ಗೆರೆ. ಆ ಮಿತಿಯೊಳಗೆ ಮುಂಭಾಗ ದುಂಡಗೆ, ಹಿಂದಕ್ಕೆ ಸಣ್ಣಗಾಗುವ ಆಕಾರ ಬರೆದು ಕತ್ತರಿಸಿ. ತ್ರಿಕೋನ ಪೂರ್ತಿ ತುಂಬಿಸಬೇಡಿ. ಟ್ಯಾಂಕಿನ ಕೆಳಗೆ ಖಾಲಿ ಜಾಗ ಕಂಡರೇನೇ ಹಳೆ ಬೈಕಿನ ಕಳೆ. ರಟ್ಟನ್ನು ದಾರದಿಂದ ಬಾರಿಗೆ ಕಟ್ಟಿ ಎರಡು ದಿನ ಹಾಗೇ ಬಿಡಿ, ಹೋಗುತ್ತಾ ಬರುತ್ತಾ ನೋಡಿ. ನನ್ನ ಮೊದಲ ರಟ್ಟನ್ನು ನೋಡಿ ಅಮ್ಮ "ಇದೇನೋ ಕುಂಬಳಕಾಯಿ?" ಅಂದರು. ನಾಲ್ಕನೆಯದಕ್ಕೆ ಏನೂ ಅನ್ನಲಿಲ್ಲ. ಅದನ್ನೇ ಇಟ್ಟುಕೊಂಡೆ.

ಅಗಲ ಎಷ್ಟಿರಬೇಕು ಅನ್ನುವುದನ್ನು ನಿಮ್ಮ ತೊಡೆ ಹೇಳುತ್ತದೆ. ನೂರು ಮಿ.ಮೀ. ದಾಟಿದರೆ ಪೆಡಲ್ ತುಳಿಯುವಾಗ ಉಜ್ಜುತ್ತದೆ. ಬ್ಯಾಟರಿಯ ಸೆಲ್ಲಿನ ಉದ್ದ 65 ಮಿ.ಮೀ., ಸೆಲ್ಲುಗಳು ಅಡ್ಡಲಾಗಿ ಮಲಗಿದ ಪ್ಯಾಕು 85 ಮಿ.ಮೀ. ಅಗಲದ ಟ್ಯಾಂಕಿನಲ್ಲಿ ಮೆತ್ತೆ ಸಮೇತ ಕೂರುತ್ತದೆ. ಬ್ಯಾಟರಿಯನ್ನು ಸಿದ್ಧವಾಗಿಯೇ ಕೊಳ್ಳಿ, ಒಳಗೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟು) ಇರುವುದನ್ನು. ಮನೆಯಲ್ಲಿ ಬಿಡಿ ಸೆಲ್ಲಿಗೆ ಸೋಲ್ಡರಿಂಗ್ ಕಡ್ಡಿ ಇಡುವ ವಿಡಿಯೋಗಳನ್ನು ನೋಡಿ ಆನಂದಿಸಿ, ಮಾಡಬೇಡಿ. 36 ವೋಲ್ಟ್, 10 ಆಂಪಿಯರ್ ಅವರ್ ಪ್ಯಾಕಿನಲ್ಲಿ 360 ವ್ಯಾಟ್ ಅವರ್ ಇರುತ್ತದೆ. ನನ್ನ ಗಾಡಿ ಕಿ.ಮೀ.ಗೆ 12ರ ಹತ್ತಿರ ತಿನ್ನುತ್ತದೆ, ಜೊತೆಗೆ ಪೆಡಲ್ ತುಳಿದರೆ ಮೂವತ್ತು ಕಿ.ಮೀ. ಹೋಗಿ ಬರುತ್ತೇನೆ.

ರಟ್ಟನ್ನು ಟಿಂಕರಿಂಗ್ ಶಾಪಿಗೆ ಕೊಟ್ಟೆ. ಭಾಯ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಪೆಟ್ರೋಲ್ ಎಲ್ಲಿಂದ ಹಾಕ್ತೀರಾ?" ಅಂದರು. ಪೆಟ್ರೋಲ್ ಹಾಕಲ್ಲ ಭಾಯ್, ಬ್ಯಾಟರಿ ಇಡ್ತೀನಿ ಅಂದೆ. "ಹಂಗಾದ್ರೆ ಪೆಟ್ಟಿಗೆ ಅನ್ನಿ, ಟ್ಯಾಂಕು ಯಾಕಂತೀರಾ. ಟ್ಯಾಂಕು ಅಂದ್ರೆ ಲೀಕ್ ನೋಡಬೇಕು, ರೇಟ್ ಬೇರೆ." ಹೀಗೆ ಪೆಟ್ಟಿಗೆ ರೇಟಿನಲ್ಲಿ ಟ್ಯಾಂಕು ಆಯಿತು. 22 ಗೇಜಿನ ತಗಡು, ಎಡಪಕ್ಕ ಖಾಯಂ, ಬಲಪಕ್ಕ ನಾಲ್ಕು ಸ್ಕ್ರೂ ಬಿಚ್ಚಿದರೆ ಬಾಗಿಲು. ತಳದಲ್ಲಿ ಮೂರು ಸಣ್ಣ ತೂತು, ಗಾಳಿಗೂ ನೀರಿಗೂ. ಒಳಗಿನ ಅಂಚೆಲ್ಲ ಅರ ಹಾಕಿ ಮೊಂಡು ಮಾಡಿಸಿ. ಚೂಪು ತಗಡು ಲಿಥಿಯಂ ಬ್ಯಾಟರಿಯ ಹೊದಿಕೆ ಕೊಯ್ದರೆ ಬೆಂಕಿಗೆ ದಾರಿ. ಹಳೆ ಯೋಗ ಮ್ಯಾಟ್ ಕತ್ತರಿಸಿ ಒಳಗೆಲ್ಲ ಅಂಟಿಸಿದೆ. ಬಾರಿಗೆ ಕಟ್ಟಲು ತಗಡಿನ ಕ್ಲಾಂಪು, ನಡುವೆ ಹಳೆ ಟ್ಯೂಬಿನ ತುಂಡು. ಫ್ರೇಮಿಗೆ ಮಾತ್ರ ತೂತು ಕೊರೆಯಬೇಡಿ.

ಮೇಲೆ ಒಂದು ಮುಚ್ಚಳ ಬೇಕಲ್ಲ, ಇಲ್ಲದಿದ್ದರೆ ಟ್ಯಾಂಕು ಅನ್ನಿಸುವುದಿಲ್ಲ. ಅಮ್ಮನ ಹಳೆ ಹಿತ್ತಾಳೆ ಕುಂಕುಮದ ಭರಣಿಯ ಮುಚ್ಚಳ ಸರಿಯಾಗಿ ಕೂತಿತು, ಅದರ ಕೆಳಗೆ ಚಾರ್ಜಿಂಗ್ ಪಿನ್ನು. ಭರಣಿಗೆ ಹೊಸ ಮುಚ್ಚಳ ಇನ್ನೂ ಸಿಕ್ಕಿಲ್ಲ, ಆ ವಿಷಯ ಮನೆಯಲ್ಲಿ ಇತ್ಯರ್ಥವಾಗಿಲ್ಲ.

ವೈರು

ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ವೈರು ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಆಮೇಲೆ ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರಿಗೆ. ಕಂಟ್ರೋಲರ್ 15 ಆಂಪಿಯರಿನದಾದರೆ 20ರ ಡಿಸಿ ಫ್ಯೂಸು, ಬ್ಯಾಟರಿಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು. ಮನೆ ವೈರಿಂಗಿನ ಫ್ಯೂಸ್ ತಂತಿ ಸುತ್ತುವುದು ಬೇಡ. ಮೋಟಾರು, ಬ್ರೇಕ್ ಹಿಡಿ, ಪೆಡಲ್ ಸೆನ್ಸರು ಎಲ್ಲ ಸೇರಿಸಿಯಾದ ಮೇಲೆ ಕೊನೆಯದಾಗಿ ಬ್ಯಾಟರಿ ಕೂಡಿಸಿ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಸ್ವಿಚ್ಚು ಹಿಡಿಯೊಳಗೇ ಬರುತ್ತದೆ, ಅದನ್ನು ಜೋಡಿಸದೆ ಬಿಡುವವರನ್ನು ನೋಡಿದ್ದೇನೆ. ಯಾಕೆ ಬಿಡುತ್ತಾರೋ ದೇವರೇ ಬಲ್ಲ.

ಡಿಸ್‌ಪ್ಲೇಯಲ್ಲಿ ಚಕ್ರದ ಅಳತೆ 28 ಅಥವಾ 700ಸಿ ಅಂತ ಹಾಕಿ, ಮಿತಿ 25ಕ್ಕೆ ಇಡಿ. ಅಳತೆ ತಪ್ಪಿದರೆ ವೇಗವೂ ತಪ್ಪು ತೋರಿಸುತ್ತದೆ. ದೀಪಕ್ಕೆ ತಾತನ ಡೈನಮೋ ಲೈಟಿನ ಚಿಪ್ಪಿನೊಳಗೇ 12 ವೋಲ್ಟಿನ ಎಲ್‌ಇಡಿ ಕೂರಿಸಿದೆ, 36ನ್ನು 12ಕ್ಕೆ ಇಳಿಸುವ ಪುಟ್ಟ ಕನ್ವರ್ಟರ್ ಟ್ಯಾಂಕಿನಲ್ಲಿದೆ.

ಚಾರ್ಜರು ಪ್ಯಾಕಿನ ಜೊತೆ ಬಂದದ್ದೇ ಇರಲಿ. 36 ವೋಲ್ಟಿನ ಮಾಮೂಲಿ ಲಿಥಿಯಂ ಅಯಾನ್ ಪ್ಯಾಕು ತುಂಬಿದಾಗ 42 ವೋಲ್ಟ್. ಓಡಿಸಿ ಬಂದ ತಕ್ಷಣ ಬಿಸಿ ಬ್ಯಾಟರಿಗೆ ಹಾಕಬೇಡಿ, ರಾತ್ರಿ ಹಾಕಿ ಮಲಗಬೇಡಿ, ಬಾಗಿಲಿಗೆ ಅಡ್ಡವಾಗಿ ಇಟ್ಟು ಚಾರ್ಜ್ ಮಾಡಬೇಡಿ.

ಓಡಿಸಿ, ಬಿಚ್ಚಿ, ಬಣ್ಣ

ಮೊದಲು ಹಿಂಚಕ್ರ ಎತ್ತಿ ನಿಲ್ಲಿಸಿ ತಿರುಗಿಸಿ ನೋಡಿ, ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲುತ್ತದೆಯೇ ನೋಡಿ. ಆಮೇಲೆ ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಅತಿ ಕಡಿಮೆ ಮಟ್ಟದಲ್ಲಿ. ಬಣ್ಣ ಹಚ್ಚದೆ ಐವತ್ತು ಕಿ.ಮೀ. ಓಡಿಸಿ. ಆ ಐವತ್ತರಲ್ಲಿ ಆಕ್ಸಲ್ ನಟ್ಟು ಎರಡು ಸಲ ಬಿಗಿ ಮಾಡಬೇಕಾಯಿತು, ಕಡ್ಡಿಗಳು ಸಡಿಲವಾಗಿ ಒಮ್ಮೆ ಔಟ್ ತೆಗೆಸಿದೆ, ಟ್ಯಾಂಕಿನ ಕ್ಲಾಂಪು ಒಂದು ಬೆರಳು ಹಿಂದಕ್ಕೆ ಸರಿಯಿತು. ಬಣ್ಣ ಮೊದಲೇ ಹಚ್ಚಿದ್ದರೆ ಅಷ್ಟೂ ಸಲ ಗೀರು.

ಎಲ್ಲ ಬಿಚ್ಚಿ, ಎಮರಿ ಪೇಪರ್ ಹಾಕಿ, ಪ್ರೈಮರ್ ಹೊಡೆದು, ಬಣ್ಣ. ಹಾರ್ಲೆ-ಡೇವಿಡ್‌ಸನ್‌ನ ಮೊದಮೊದಲ ಬೈಕುಗಳಿಗೆ ‘ಸೈಲೆಂಟ್ ಗ್ರೇ ಫೆಲೋ’ ಅಂತ ಅಡ್ಡಹೆಸರಿತ್ತು, ಸದ್ದು ಕಡಿಮೆ, ಬಣ್ಣ ಬೂದಿ ಅಂತ. ಸದ್ದೇ ಇಲ್ಲದ ನನ್ನ ಗಾಡಿಗೂ ಬೂದಿ ಬಣ್ಣವನ್ನೇ ಹೊಡೆಸಿದೆ. ಅಂಚಿನ ಕೆಂಪು ಗೆರೆಗಳನ್ನು ಮಾತ್ರ ಸ್ಟಿಕ್ಕರ್ ಹಾಕಲು ಮನಸ್ಸು ಬರಲಿಲ್ಲ. ಅಂಗಡಿ ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರು ಉದ್ದ ಕೂದಲಿನ ಕುಂಚದಲ್ಲಿ, ಉಸಿರು ಬಿಗಿಹಿಡಿದು, ಬಾರಿನ ಉದ್ದಕ್ಕೂ ಒಂದೇ ಎಳೆತದಲ್ಲಿ ಗೆರೆ ಎಳೆದುಕೊಟ್ಟರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಮ್ಮಿ; ನಿಮ್ಮ ಊರಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಹುಡುಕಿ.

ಇನ್ನೊಂದು ವಿಷಯ. ಹಿಂಚಕ್ರ ಪಂಕ್ಚರ್ ಆದರೆ ಚಕ್ರ ಬಿಚ್ಚುವ ಮುಂಚೆ ಮೋಟಾರಿನ ಕನೆಕ್ಟರ್ ಎಳೆದು ಬಿಡಿಸಬೇಕು. ಅಂಗಡಿಯ ಹುಡುಗನಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಪಕ್ಕದಲ್ಲೇ ನಿಂತಿರಿ. ನಾನು ಟೀ ಕುಡಿಯೋಕೆ ಹೋಗಿದ್ದೆ.